ಹೆಬ್ಬೆರಳಿನ ಭಾನುವಾರಗಳು

ನಮ್ಮ ಊರಿನ ಗಡಿರೇಖೆ ಒಂದು ಮನೆಯ ಅಡುಗೆಕೋಣೆಗೂ ಮಲಗುವ ಕೋಣೆಗೂ ನಡುವಿನ ಗೋಡೆಯ ಮೇಲೆ ಹಾದುಹೋಗುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವರು ನಕಾಶೆ ಮೇಡಂ. ಬಾಗಿಲು ತೆರೆದ ಗೃಹಿಣಿಯ ಮುಂದೆ ಅವರು ನಕ್ಷೆಯನ್ನು ಬಿಡಿಸಿ, ಬೆರಳಿಟ್ಟು ವಿವರಿಸಿದಾಗ ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟಳು.

“ಅಂದ್ರೆ ನಾವು ಊರೊಳಗೆ ಅಡುಗೆ ಮಾಡಿ, ಊರಾಚೆ ಹೋಗಿ ಮಲಗ್ತೀವಿ ಅನ್ನಿ! ಇರಿ, ನಮ್ಮೆಜಮಾನ್ರಿಗೆ ಹೇಳ್ತೀನಿ. ನಲವತ್ತು ವರ್ಷದಿಂದ ಮನೇಲೇ ಇದೀನಿ ಅಂದ್ಕೊಂಡಿದಾರೆ ಪಾಪ.”

“ಗೋಡೆಗೆ ಈಚೆಯಿಂದ ಒಂದು ಸಲ, ಆಚೆಯಿಂದ ಒಂದು ಸಲ ಕೈ ಮುಟ್ಟಿಸ್ಕೊಂಡು ಹೋಗ್ತೀವಮ್ಮ, ಅಷ್ಟೇ,” ಎಂದರು ಮೇಡಂ, ಗಂಭೀರವಾಗಿ.

ಆ ಗಾಂಭೀರ್ಯಕ್ಕೆ ಕಾರಣವಿತ್ತು. ಪುರಸಭೆಯ ದಾಖಲೆ ಕಟ್ಟಡದ ಎರಡನೆಯ ಮಹಡಿಯಲ್ಲಿ ಕುಳಿತು ಅವರು ಮೂವತ್ತೊಂದು ವರ್ಷ ಊರಿನ ಗಡಿಯನ್ನು ಕಪ್ಪು ಶಾಯಿಯಲ್ಲಿ ಎಳೆದಿದ್ದರು. ಹಳೆಯ ನಕ್ಷೆ ಮಾಸಿದಂತೆಲ್ಲ ಹೊಸದಕ್ಕೆ ನಕಲು ತೆಗೆದಿದ್ದರು. ಒಂದು ದಿನವೂ ಆ ಗೆರೆಯ ಮೇಲೆ ಕಾಲಿಟ್ಟಿರಲಿಲ್ಲ. ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೂ ಕಡತಗಳಿಗೂ ರಟ್ಟು ಕಟ್ಟುವವನು. ವಯಸ್ಸು ಮೀರಿದ ಮೇಲೂ, ಹೊಲಿಗೆ ಬಲ್ಲ ಇನ್ನೊಬ್ಬ ಸಿಗಲಿಲ್ಲವೆಂದು ಉಳಿಸಿಕೊಂಡಿದ್ದರು. ನನ್ನ ಮೇಜಿಗೆ ಕವಿತೆಯ ಪುಸ್ತಕಗಳು ಬರುವುದು ಅಪರೂಪ. ಬೆನ್ನು ಮುರಿಯುವಷ್ಟು ಸಲ ಅವನ್ನು ಯಾರೂ ತೆರೆಯುವುದಿಲ್ಲ. ಹಾಗೆ ತಪ್ಪಿ ಬಂದವನ್ನು ಹೊಲಿಯುವ ಮೊದಲು ನಾನು ಓದುತ್ತಿದ್ದೆ, ಹೊಲಿದ ಮೇಲೆ ಇನ್ನೊಮ್ಮೆ ಓದುತ್ತಿದ್ದೆ, ಹೀಗೆ ಓದುತ್ತಿದ್ದಾಗಲೇ ಒಂದು ಮಧ್ಯಾಹ್ನ, ಅಂಚು ಹರಿದ ನಕ್ಷೆಯೊಂದಕ್ಕೆ ಬಟ್ಟೆ ಅಂಟಿಸಿಕೊಡಿರೆಂದು ಬಂದ ಮೇಡಂ ಬಾಗಿಲಲ್ಲಿ ನಿಂತು, “ಬೈಂಡರ್ ಸಾಹೇಬರೇ, ಓದೋದಕ್ಕೂ ಸಂಬಳ ಕೊಡ್ತಾರಾ?” ಎಂದು ಕೇಳಿದ್ದರು.

ಬಟ್ಟೆ ಒಣಗುವವರೆಗೆ ಕುಳಿತರು. ಆಗಲೇ ಗಡಿಯ ಮಾತು ಬಂದದ್ದು. ಇಪ್ಪತ್ತೆಂಟು ಮೈಲಿ. ಹನ್ನೆರಡು ತುಂಡು ಮಾಡಿಕೊಂಡರೆ, ಬಿಸಿಲು ಕಡಿಮೆಯಿರುವ ತಿಂಗಳುಗಳಲ್ಲಿ ಭಾನುವಾರಕ್ಕೊಂದರಂತೆ ಗಡಿಯುದ್ದಕ್ಕೂ ನಡೆದು ಮುಗಿಸಬಹುದು. “ಒಬ್ಬಳೇ ಹೋದ್ರೆ ಜನ ಹುಚ್ಚಿ ಅಂತಾರೆ. ಇಬ್ಬರು ಹೋದ್ರೆ ಸರ್ಕಾರಿ ಕೆಲಸ ಅಂದ್ಕೋತಾರೆ,” ಎಂದರು. ನಾನು ಬರುತ್ತೇನೆಂದೆ. ಎಷ್ಟು ಬೇಗ ಅಂದೆನೆಂದರೆ, ನನಗೇ ನಾಚಿಕೆಯಾಯಿತು.

ಮೇಡಮ್ಮರ ನಿಯಮಗಳು ಕಟ್ಟುನಿಟ್ಟು. ಅಡ್ಡದಾರಿ ಕೂಡದು. ದಾಟಲಾಗದ ಗೋಡೆ ಬಂದರೆ ಸುತ್ತುಹಾಕಿ ಬಂದು ಆಚೆಯಿಂದ ಮುಟ್ಟಬೇಕು. ಕಬ್ಬಿಣದ ಗಡಿಗಂಬ ಸಿಕ್ಕಲ್ಲಿ ಅದರ ಸಂಖ್ಯೆಯನ್ನು ಅವರು ಗಟ್ಟಿಯಾಗಿ ಓದಬೇಕು, ನಾನು ಬರೆದುಕೊಳ್ಳಬೇಕು. ತುಂಡು ಮುಗಿದ ಮೇಲೆ ಬಸ್ಸು ಹಿಡಿದು ಪೇಟೆಗೆ ಬಂದು, ನಿಲ್ದಾಣದ ಎದುರಿನ ಊಟದ ಮನೆಯಲ್ಲಿ ಕಿಟಕಿಯ ಪಕ್ಕದ ಮೇಜು. ಮೂಳೆ ಕುದಿಸಿದ ಸೂಪು, ಹುರಿದ ಸಣ್ಣ ಮೀನು, ತಲೆಗೊಂದು ಲೋಟ ಬಿಯರು. ಮೀನನ್ನು ಅವರು ತಲೆಸಹಿತ ಕರಕರನೆ ಅಗಿಯುತ್ತಿದ್ದರು. ಕಚೇರಿಯಲ್ಲಿ ಯಾರೂ ಕಂಡಿರದ ಒಂದು ಹಸಿವು ಅದು. “ತಗೊಳ್ಳಿ, ನಾಲ್ಕು ಕಂಬ ಹೆಚ್ಚಿಗೆ ನಡೆದಿದೀರಿ,” ಎಂದು ನನ್ನ ತಟ್ಟೆಗೂ ಬಡಿಸುತ್ತಿದ್ದರು. ಅರವತ್ತು ದಾಟಿದ ನನಗೆ, ಇನ್ನೊಬ್ಬರು ಬಡಿಸಿದ್ದನ್ನು ಲೆಕ್ಕವಿಲ್ಲದೆ ತಿನ್ನುವುದೆಂದರೆ ಏನೆಂಬುದು ಆ ಕಿಟಕಿಯ ಬೆಳಕಿನಲ್ಲಿ ತಿಳಿಯಿತು.

ಮೂರನೆಯ ತುಂಡು ಮುಗಿದ ಎರಡು ದಿನಕ್ಕೆ, ಮಂಗಳವಾರ ಬೆಳಗ್ಗೆ, ನನ್ನ ಎಡಗಾಲಿನ ಹೆಬ್ಬೆರಳು ಕೆಂಡವಾಯಿತು.

ನನ್ನ ಜೊತೆಗಿದ್ದವಳು ಅಕ್ಕ. ನನಗಿಂತ ಎಂಟು ವರ್ಷ ಹಿರಿಯಳು. ಭಾವ ತೀರಿಕೊಂಡ ಮೇಲೆ, ಮದುವೆಯಾಗದೆ ಉಳಿದ ತಮ್ಮನ ಮನೆಗೆ ಬಂದವಳು, ಬಂದ ದಿನದಿಂದಲೇ ಯಜಮಾನಿ. ಬೆರಳು ನೋಡಿ ಚೇಳು ಕಡಿದಿದೆಯೆಂದು ಹಾಸಿಗೆಯನ್ನೆಲ್ಲ ಕೊಡವಿದಳು. ಕೊಡವುವಾಗ ಹೊದಿಕೆಯ ಅಂಚು ಬೆರಳಿಗೆ ತಾಗಿ ನಾನು ಕೂಗಿಕೊಂಡದ್ದು ಮೂರನೆಯ ಮನೆಗೆ ಕೇಳಿಸಿತಂತೆ.

ಬೀದಿಯ ಕೊನೆಯ ದವಾಖಾನೆಯ ಡಾಕ್ಟರಮ್ಮ ನನ್ನ ಸೋದರಸೊಸೆಯ ವಯಸ್ಸಿನವರು. ರಕ್ತಪರೀಕ್ಷೆಯ ಚೀಟಿ ನೋಡಿ, “ಗೌಟು,” ಎಂದರು. “ಯೂರಿಕ್ ಆಮ್ಲ ಹೆಚ್ಚಾಗಿ ಕೀಲಿನಲ್ಲಿ ಹರಳು ಕಟ್ಟುತ್ತೆ. ಸೂಜಿಯ ಹಾಗಿರುತ್ತೆ. ಹಿಂದೆ ಇದನ್ನ ರಾಜರ ರೋಗ ಅಂತಿದ್ರು.”

“ರಾಜರ ರೋಗವಂತೆ!” ಎಂದಳು ಅಕ್ಕ. “ರಾಜ್ಯ ಎಲ್ಲಿಟ್ಟಿದೀಯೋ? ಆ ಅಂಟಿನ ಡಬ್ಬಿಯೊಳಗಾ?”

ನೋವಿಳಿಯುವ ಮಾತ್ರೆ ಕೊಟ್ಟ ಡಾಕ್ಟರಮ್ಮ, ಇತ್ತೀಚೆಗೆ ಏನೇನು ತಿಂದಿರೆಂದು ಕೇಳಿದರು. ಭಾನುವಾರದ ಮೇಜಿನ ಮೇಲಿದ್ದುದನ್ನು ಒಂದೊಂದಾಗಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “ಬೇರೆ ಏನನ್ನೂ ನೀವು ಹುಡುಕಬೇಕಾಗಿಲ್ಲ ಬಿಡಿ,” ಎಂದರು. ಸಣ್ಣ ಮೀನು, ಮೂಳೆಯ ಸೂಪು, ಬಿಯರು, ಅದರ ಜೊತೆಗೆ ಬೆಳಗ್ಗೆಯೆಲ್ಲ ನೀರು ಕುಡಿಯದೆ ನಡೆದದ್ದು. ಒಂದೊಂದೂ ಸಾಕಾಗಿತ್ತು, ನಾನು ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದೆ. ನನ್ನ ಸುಖದ ಪಟ್ಟಿಯೂ ರೋಗದ ಪಟ್ಟಿಯೂ ಒಂದೇ ಕಾಗದವಾಗಿದ್ದವು.

ಭಾನುವಾರಕ್ಕೆ ಊತ ಇಳಿದಿರಲಿಲ್ಲ. ಮೇಡಮ್ಮರಿಗೆ ಫೋನು ಮಾಡಿ, “ಅಕ್ಕನಿಗೆ ಹುಷಾರಿಲ್ಲ,” ಎಂದೆ.

ಯಾಕೆ ಹಾಗೆಂದೆ? ನಮ್ಮ ಕಚೇರಿಯಲ್ಲಿ ಗುಮಾಸ್ತನೊಬ್ಬನಿಗೆ ಇದೇ ರೋಗ ಬಂದಾಗ ಅವನನ್ನು ಎಲ್ಲರೂ ‘ಮಹಾರಾಜ’ ಎಂದು ಕರೆದು, ಅವನ ಊಟದ ಡಬ್ಬಿ ತೆರೆದು ನೋಡಿ ನಗುತ್ತಿದ್ದರು, ನಾನೂ ನಕ್ಕಿದ್ದೆ. ಅದೊಂದು ಕಾರಣ. ಇನ್ನೊಂದನ್ನು ಬರೆಯುವುದು ಕಷ್ಟ. ನೆಲಮಾಳಿಗೆಯ ಮುದುಕನೊಬ್ಬನನ್ನು ಆ ಹೆಂಗಸು ನಡೆಯಬಲ್ಲವನೆಂದು ಆರಿಸಿದ್ದರು. ಜಗತ್ತಿನಲ್ಲಿ ನನ್ನನ್ನು ಯಾರಾದರೂ ಯಾವುದಕ್ಕಾದರೂ ಆರಿಸಿದ್ದು ಅದೊಂದೇ ಸಲ.

ಆ ವರ್ಷ ಐದು ತುಂಡು ಮುಗಿಯಿತು. ಮರುವರ್ಷದ ತಂಪಿನಲ್ಲಿ ಮತ್ತೆ ಶುರು. ನಡುವೆ ನಾಲ್ಕು ಸಲ ಬೆರಳು ಕೆಂಡವಾಯಿತು, ನಾಲ್ಕು ಸಲ ನಾನು ಸುಳ್ಳು ಹೇಳಿದೆ. ನೆಂಟರು ಬಂದರು, ಕೊಳಾಯಿ ಒಡೆಯಿತು, ಅಕ್ಕ ಮತ್ತೆ ಎರಡು ಸಲ ಹಾಸಿಗೆ ಹಿಡಿದಳು.

“ನನ್ನ ಯಾಕೋ ಬದುಕಿದ್ದ ಹಾಗೇ ಮಲಗಿಸ್ತೀಯಾ?” ಎಂದು ಅಕ್ಕ ರೇಗಿದಳು. “ಮೊನ್ನೆ ಅಂಗಡಿ ಹತ್ರ ಆ ನಿನ್ನ ಮೇಡಂ ಸಿಕ್ಕಿ, ‘ಈಗ ಹೇಗಿದೆಯಮ್ಮ ನಿಮ್ಮ ಎದೆನೋವು’ ಅಂತ ಕೇಳಿದ್ರು. ಐದು ಕೇಜಿ ಆಲೂಗೆಡ್ಡೆ ಹೊತ್ಕೊಂಡು ನಿಂತಿದ್ದೆ ನಾನು!”

“ಏನಂದೆ?”

“ಏನನ್ನಲಿ? ಎದೆ ಹಿಡ್ಕೊಂಡು ನಿಧಾನಕ್ಕೆ ಬಂದೆ. ನಿನ್ನ ಮಾನ ಉಳೀಬೇಕಲ್ಲ.”

ಡಾಕ್ಟರಮ್ಮ ನನ್ನ ಊಟಕ್ಕೆ ಹೊಸ ಕ್ರಮ ಹಾಕಿಕೊಟ್ಟರು. ದಿನಕ್ಕೆ ಹತ್ತು ಲೋಟ ನೀರು. ಕೆನೆ ತೆಗೆದ ಹಾಲು, ಮೊಸರು, ತರಕಾರಿ, ಮೊಟ್ಟೆ. ಬೇಳೆಕಾಳನ್ನು ಹೆದರಿ ಬಿಡಬೇಕಾಗಿಲ್ಲ. ಸಿಹಿ ಪಾನೀಯ ಬೇಡ, ಬಿಯರು ಬೇಡವೇ ಬೇಡ, ಮೂಳೆಯ ಸೂಪಿನ ಪಾತ್ರೆಯ ಕಡೆ ನೋಡುವುದೂ ಬೇಡ. ದಿನವೂ ಒಂದು ಮಾತ್ರೆ, ನೋವಿರಲಿ ಇಲ್ಲದಿರಲಿ. ತೂಕ ಇಳಿಯಬೇಕು, “ಆದರೆ ನಿಧಾನವಾಗಿ. ತಿಂಗಳಿಗೆ ಒಂದೂವರೆ ಕೇಜಿ ಸಾಕು.” ಅಕ್ಕ ಆ ಕಾಗದವನ್ನು ಅಡುಗೆಮನೆಯ ಬಾಗಿಲಿಗೆ ಮೊಳೆ ಹೊಡೆದು, ನ್ಯಾಯಾಧೀಶೆಯ ಹಾಗೆ ಜಾರಿಗೆ ತಂದಳು.

ಮನೆಯಲ್ಲಿ ಅದು ಸುಲಭವಾಗಿತ್ತು. ಕಷ್ಟವಿದ್ದದ್ದು ಕಿಟಕಿಯ ಪಕ್ಕದ ಮೇಜಿನಲ್ಲಿ. ಒಂಬತ್ತನೆಯ ತುಂಡಿನ ನಂತರ ಮೇಡಂ ಎಂದಿನಂತೆ ಎರಡೆರಡು ತಟ್ಟೆ ಹೇಳಿದಾಗ ನಾನು, “ನನಗೆ ಬರೀ ನೀರು ಸಾಕು. ಹಸಿವಿಲ್ಲ,” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಹತ್ತನೆಯದರ ನಂತರವೂ ಹಸಿವಿಲ್ಲವೆಂದೆ. ಹನ್ನೊಂದನೆಯದರ ನಂತರ ಅವರೇ, “ಒಂದು ತಟ್ಟೆ,” ಎಂದು ಹೇಳಿ, ಮೀನನ್ನು ಕೈಯಲ್ಲಿ ಮುರಿಯುತ್ತಾ ಕುಳಿತರು. ಅದರ ತಲೆಯನ್ನು ಪಕ್ಕಕ್ಕಿಟ್ಟರು. ಮೀನಿನ ವಾಸನೆ ನನ್ನ ಇಡೀ ಮೈಯನ್ನು ಕರೆಯುತ್ತಿತ್ತು. ನಾನು ಲೋಟದ ನೀರಿನೊಳಗೆ ಕಿಟಕಿಯ ಚೌಕಟ್ಟು ತಲೆಕೆಳಗಾಗಿ ನಿಂತಿದ್ದನ್ನು ನೋಡುತ್ತಿದ್ದೆ. ನನಗದು ಜಯವೆನಿಸಿತ್ತು. ಬೆರಳು ಸುಮ್ಮನಿತ್ತು.

ಆ ವಾರವೇ ಅವರು ನೆಲಮಾಳಿಗೆಗೆ ಇಳಿದು ಬಂದು, ಸದ್ಯದಲ್ಲೇ ಇದ್ದ ನಿವೃತ್ತಿಯ ನಂತರ ತಮ್ಮನ ಮಗಳ ಊರಿಗೆ ಹೋಗಿಬಿಡುತ್ತಿರುವುದಾಗಿ ಹೇಳಿದರು. “ಮೂರು ಸಲ ಕರೆದಿದ್ಲು. ಈ ಸಲ ಹೂಂ ಅಂದೆ. ತಿಂಗಳ ಕೊನೇ ಸೋಮವಾರ ಹೊರಡೋದು. ಹಿಂದಿನ ಭಾನುವಾರ ಹನ್ನೆರಡನೇ ತುಂಡು ಮುಗಿಸಿಬಿಡೋಣ. ಅದಕ್ಕೆ ಮುಂಚೆ ನನಗೆ ಮನೆ ಖಾಲಿ ಮಾಡೋ ಕೆಲಸ. ಬರ್ತೀರಲ್ಲ?”

“ಬರದೆ?” ಎಂದೆ. ಕೈಯಲ್ಲಿದ್ದ ಸೂಜಿ ನೂಲಿನಿಂದ ಜಾರಿ ಎಲ್ಲೋ ಬಿದ್ದಿತ್ತು.

ಮೂರು ವಾರ. ಮೂರು ವಾರ ಆ ಬೆರಳು ಸುಮ್ಮನಿದ್ದರೆ ಸಾಕಿತ್ತು. ನಾನು ಏನನ್ನೂ ಅದೃಷ್ಟಕ್ಕೆ ಬಿಡಬಾರದೆಂದು ನಿಶ್ಚಯಿಸಿದೆ. ಮಿತವಾಗಿ ತಿಂದರೆ ಒಳ್ಳೆಯದಾದರೆ, ತಿನ್ನದೇ ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಬೆಳಗ್ಗೆ ಅರ್ಧ ಬಟ್ಟಲು ಮೊಸರು, ಸಂಜೆ ಬೇಯಿಸಿದ ಸೌತೆಕಾಯಿ, ನಡುವೆ ನೀರು. ಎರಡನೆಯ ವಾರ ಮೊಸರನ್ನೂ ಬಿಟ್ಟೆ. ಅಕ್ಕ ಕೇಳಿದರೆ ಕಚೇರಿಯಲ್ಲಿ ತಿಂದೆನೆನ್ನುತ್ತಿದ್ದೆ. ಪ್ಯಾಂಟಿನ ನಡುಪಟ್ಟಿಗೆ ಹೊಸ ತೂತು ಹಾಕಿಕೊಂಡೆ. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟರೂ, ಒಳಗೆ ಯಾವುದೋ ವ್ರತ ಹಿಡಿದವನ ಹಗುರತೆ ಇತ್ತು. ರಟ್ಟಿನ ಅಂಟು ಭಾರದ ಕೆಳಗೆ ತನ್ನ ಪಾಡಿಗೆ ತಾನು ಒಣಗಬೇಕು, ಬಿಸಿಲಿಗಿಟ್ಟು ಅವಸರಪಡಿಸಿದರೆ ರಟ್ಟು ಬಾಗುತ್ತದೆಯೆಂದು ನಲವತ್ತು ವರ್ಷದಿಂದ ಬಲ್ಲ ಕೈ ನನ್ನದು. ಆ ಕೈ ಬಲ್ಲದ್ದನ್ನು ತಲೆ ಕೇಳಲಿಲ್ಲ.

ಆ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಗ್ಗೆ, ಹಲ್ಲುಜ್ಜಲೆಂದು ಎದ್ದವನು ಎಡಗಾಲನ್ನು ನೆಲಕ್ಕಿಟ್ಟೆ. ಮರುಕ್ಷಣ ಗೋಡೆ ಹಿಡಿದುಕೊಂಡಿದ್ದೆ. ಈ ಸಲ ಬೆರಳಷ್ಟೇ ಅಲ್ಲ, ಪಾದದ ಗೆಣ್ಣೂ ಊದಿತ್ತು.

ಡಾಕ್ಟರಮ್ಮ ಮನೆಗೇ ಬಂದರು. ತೂಕ ನೋಡಿ ಹುಬ್ಬೇರಿಸಿದರು. “ಏಳು ಕೇಜಿ! ಮೂರು ವಾರಕ್ಕೆ! ಏನು ತಿಂತಿದ್ರಿ?”

“ಏನೂ ಇಲ್ಲ,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಅದೇ ತೊಂದರೆ. ಉಪವಾಸ ಬಿದ್ದರೆ ಮೈ ತನ್ನನ್ನೇ ಕರಗಿಸಿ ತಿನ್ನೋಕೆ ಶುರು ಮಾಡುತ್ತೆ. ಅದೂ ಮಾಂಸಾನೇ ಅಲ್ವಾ? ಆಮ್ಲ ಏರುತ್ತೆ, ಹೊರಗೆ ಹೋಗೋದೂ ಕಡಿಮೆ ಆಗುತ್ತೆ. ಮೀನು ಬಿಟ್ಟು ನಿಮ್ಮನ್ನೇ ನೀವು ಊಟ ಮಾಡಿದೀರಿ.” ಅವರು ನಗಲಿಲ್ಲ. “ನಿಧಾನ ಅಂತ ಹೇಳಿದ್ನಲ್ಲ. ಯಾಕಿಷ್ಟು ಆತುರ?”

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ನೋಡಿದಳು. ಅಷ್ಟು ಹೊತ್ತು ಅವಳ ನಾಲಿಗೆಯ ತುದಿಯಲ್ಲಿದ್ದ ಬೈಗುಳ ಯಾವುದೋ ಅಲ್ಲಿಯೇ ಉಳಿಯಿತು.

ಮಾರನೆಯ ಬೆಳಗ್ಗೆ ಏಳು ಗಂಟೆಗೆ ಫೋನನ್ನು ನನ್ನ ಹಾಸಿಗೆಯ ಪಕ್ಕಕ್ಕೆ ತಂದಿಟ್ಟಳು. “ಎಂಟಕ್ಕೆ ಅವ್ರು ಅಲ್ಲಿ ಬಂದು ನಿಂತಿರ್ತಾರೆ. ಹೇಳು, ಈ ಸಲ ನನಗೇನು ಕಾಯಿಲೆ? ಮೊದ್ಲೇ ಗೊತ್ತಾದ್ರೆ ಅಭ್ಯಾಸ ಮಾಡ್ಕೋತೀನಿ.”

ನಾನು ಫೋನು ಕೈಗೆತ್ತಿಕೊಂಡೆ. ಸುಳ್ಳುಗಳೆಲ್ಲ ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ನಂಬುವಂಥವು. ಇವುಗಳಲ್ಲಿ ಯಾವುದನ್ನು ಆರಿಸಿದರೂ ಅದು ಅವರು ನನ್ನಿಂದ ಕೇಳುವ ಕೊನೆಯ ಮಾತಾಗುತ್ತಿತ್ತು. ಫೋನನ್ನು ಕೆಳಗಿಟ್ಟು, “ಬಾಡಿಗೆ ಕಾರು ಕರೆಸು,” ಎಂದೆ.

“ಎಂಥ ಕಾರು? ಬಚ್ಚಲಿಗೇ ನಿನ್ನ ಎತ್ಕೊಂಡು ಹೋಗಬೇಕು!”

“ಕರೆಸಕ್ಕಾ.”

ಬಲಗಾಲಿಗೆ ನಡೆಯುವ ಷೂ, ಎಡಗಾಲಿಗೆ ಅಕ್ಕನ ಉಣ್ಣೆಯ ಕಾಲುಚೀಲ, ಅದರ ಮೇಲೊಂದು ಸಡಿಲ ಚಪ್ಪಲಿ. ಹಾಗೆ ಹೊರಟೆ.

ಮೇಡಂ ನೀರಿನ ಟ್ಯಾಂಕಿನ ಪಕ್ಕದ ಗಡಿಗಂಬದ ಬಳಿ ಕೈಚೀಲ ಹಿಡಿದು ನಿಂತಿದ್ದರು. ಕಾರಿನ ಬಾಗಿಲು ತೆರೆದು, ಎರಡು ಕೈಯಿಂದ ಕಾಲನ್ನು ಎತ್ತಿ ಹೊರಗಿಟ್ಟು ಕುಳಿತೆ, ಇಳಿಯಲಿಲ್ಲ. ಅವರು ಹತ್ತಿರ ಬಂದು ಕಾಲುಚೀಲವನ್ನು ನೋಡಿದರು.

“ಬಿದ್ರಾ?”

“ಇಲ್ಲ. ಗೌಟು. ಎರಡು ವರ್ಷದಿಂದ ಇದೆ.” ಒಂದೇ ಉಸಿರಿಗೆ ಹೇಳಿ ಮುಗಿಸಿದೆ: ಅಕ್ಕನ ಎದೆನೋವು, ಕೊಳಾಯಿ, ನೆಂಟರು, ನೀರಿನ ಲೋಟ, ಮೂರು ವಾರದ ಉಪವಾಸ. ಕಾರಿನ ಚಾಲಕ ಕಿಟಕಿಯಾಚೆಗೆ ಮುಖ ತಿರುಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದ.

ಮೇಡಂ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ, “ಹಸಿವಿತ್ತಾ?” ಎಂದು ಕೇಳಿದರು.

“ಏನು?”

“ಆ ಮೂರು ಭಾನುವಾರ. ನೀರು ಕುಡ್ಕೊಂಡು ಕೂತಿದ್ರಲ್ಲ. ಹಸಿವಿತ್ತಾ ನಿಮಗೆ?”

“ಪ್ರಾಣ ಹೋಗುವಷ್ಟು.”

ಅವರು ಗಡಿಗಂಬಕ್ಕೆ ಕೈಯಾನಿಸಿ ನಿಂತರು. “ನಾನೇನಂದ್ಕೊಂಡೆ ಗೊತ್ತಾ? ಇವರಿಗೆ ಸಾಕಾಗಿದೆ, ಬಾಯಿ ಬಿಟ್ಟು ಹೇಳೋಕಾಗದೆ ನೆಪ ಹೇಳ್ತಿದಾರೆ ಅಂತ. ನೆಪ ಅಂತ ಗೊತ್ತಿತ್ತು ನನಗೆ. ನಿಮ್ಮಕ್ಕ ಎದೆನೋವಿನಲ್ಲೂ ಆಲೂಗೆಡ್ಡೆ ಚೀಲ ಕೆಳಗಿಡಲಿಲ್ಲ ನೋಡಿ. ಅದಾದ್ಮೇಲೆ ಊಟಾನೂ ಬಿಟ್ರಿ. ನನ್ನ ಜೊತೆ ಕೂತು ಉಣ್ಣೋಕೂ ಬೇಡವಾಯ್ತಾ ಅಂತ… ಎರಡು ಸಲ ಇಲ್ಲ ಅಂದಿದ್ದೆ ತಮ್ಮನ ಮಗಳಿಗೆ. ಮೂರನೇ ಸಲ ಕರೆದಿದ್ದು ಆ ಹನ್ನೊಂದನೇ ತುಂಡಿನ ಮಾರನೇ ದಿನ.”

ಗಡಿಗಂಬದ ಮೇಲಿನ ಸಂಖ್ಯೆಯನ್ನು ಅವರ ಹೆಬ್ಬೆರಳು ಉಜ್ಜುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಯಾವ ಸೂಜಿಯೂ ಯಾವ ಕೀಲಿನೊಳಗೂ ಹೀಗೆ ಹೊಕ್ಕಿರಲಿಲ್ಲ.

“ಈಗ ಇರೋದಕ್ಕಾಗಲ್ವಾ?” ಎಂದೆ.

“ಬಾಡಿಗೆ ಮನೆ ಬಿಟ್ಟುಕೊಟ್ಟಾಯ್ತು. ಸಾಮಾನು ಮೊನ್ನೇನೇ ಹೋಯ್ತು. ಆ ಹುಡುಗಿಗೆ ಹೆರಿಗೆ ಹತ್ತಿರ, ನನ್ನನ್ನ ನಂಬಿಕೊಂಡಿದಾಳೆ.” ಮಾತಿನಲ್ಲಿ ಕಹಿಯಿರಲಿಲ್ಲ, ಅಳತೆಪಟ್ಟಿಯಿಟ್ಟು ಗೆರೆ ಎಳೆಯುವಾಗಿನ ದನಿ ಅದು. “ಒಂದು ಮಾತು ಹೇಳಿದ್ದರೆ ನಾನೂ ನೀರೇ ಕುಡೀತಿದ್ದೆನಲ್ರೀ.”

ಹನ್ನೆರಡನೆಯ ತುಂಡನ್ನು ಬಿಟ್ಟುಬಿಡೋಣವೆಂದರು. ನಾನು ಒಪ್ಪಲಿಲ್ಲ. ಅವರು ನಡೆಯಲಿ, ನಾನು ಕಾರಿನಲ್ಲಿ ಹೋಗಿ ಗಡಿ ಮುಗಿಯುವ ಜಾಗದಲ್ಲಿ ಕಾದಿರುತ್ತೇನೆಂದೆ. ಮೂವತ್ತೊಂದು ವರ್ಷ ಕೈಯಲ್ಲಿ ಎಳೆದ ಗೆರೆಯ ಎರಡು ತುದಿ ನನ್ನ ಕಾಲಿನ ದೆಸೆಯಿಂದ ಕೂಡದೆ ಉಳಿಯಬಾರದಿತ್ತು. ಕೊನೆಗೆ ಅವರು ಸಂಖ್ಯೆಗಳ ಪುಸ್ತಕವನ್ನು ನನ್ನಿಂದ ಇಸಿದುಕೊಂಡು, ಬೇಲಿಯ ಪಕ್ಕದ ಕಾಲುದಾರಿಯಲ್ಲಿ ಹೊರಟರು.

ಗಡಿ ಕೂಡುವ ಜಾಗ ರೈಲುಹಳಿಯ ಪಕ್ಕದ ಒಂದು ಬಯಲು. ಅಲ್ಲಿ ಕಲ್ಲುಬೆಂಚಿನ ಮೇಲೆ ಕಾಲು ನೀಡಿಕೊಂಡು ಎರಡೂವರೆ ಗಂಟೆ ಕುಳಿತೆ. ಹಳಿಯ ಮೇಲೆ ಎರಡು ಗೂಡ್ಸು ರೈಲು ಹೋದವು. ಯಾರೋ ಬಯಲಿನಲ್ಲಿ ಬೆಳ್ಳನೆಯ ಬೆಡ್‌ಶೀಟುಗಳನ್ನು ಒಣಗಹಾಕಿ, ಮತ್ತೆ ಬಂದು ಮಡಚಿಕೊಂಡು ಹೋದರು. ಒಬ್ಬರಿಗಾಗಿ ಕಾಯುವುದು ನನಗೆ ಹೊಸದಾಗಿರಲಿಲ್ಲ. ಯಾರಿಗಾಗಿ ಎಂಬುದು ಮಾತ್ರ ಅರವತ್ತು ವರ್ಷ ಖಾಲಿ ಬಿಟ್ಟ ಜಾಗವಾಗಿತ್ತು. ಈಗ ಅದಕ್ಕೊಂದು ಆಕಾರ ಬಂದು, ಬಂದ ದಿನವೇ ಹೊರಟು ನಿಂತಿತ್ತು.

ಹಳಿಯ ತಿರುವಿನಲ್ಲಿ ಮೊದಲು ಕಂಡದ್ದು ಕೈಚೀಲದ ಕೆಂಪು. ಆಮೇಲೆ ಅವರು. ಎರಡು ವರ್ಷ ಪಕ್ಕದಲ್ಲಿ ನಡೆದವರು ಎದುರಿನಿಂದ ನಡೆದುಬರುವುದನ್ನು ನಾನು ಕಂಡದ್ದು ಅದೇ ಮೊದಲು. ಎಡಭುಜ ತುಸು ಇಳಿಸಿಕೊಂಡು, ನೆಲ ನೋಡುತ್ತಾ, ಹತ್ತಾರು ಹೆಜ್ಜೆಗೊಮ್ಮೆ ಯಾರೋ ಜೊತೆಗಿದ್ದಾರೆಂಬಂತೆ ಬಲಕ್ಕೆ ತಿರುಗಿ ನೋಡುತ್ತಾ ಬರುತ್ತಿದ್ದರು. ನಾನು ನಡೆಯುತ್ತಿದ್ದುದು ಆ ಬಲಗಡೆಯಲ್ಲಿ.

ಕಡೆಯ ಕಂಬ ಮುಟ್ಟಿ, ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ತಾವೇ ಬರೆದುಕೊಂಡರು. ಬೆಂಚಿನ ಮೇಲೆ ನನ್ನ ಪಾದಕ್ಕೆ ತಾಗದಂತೆ ಜಾಗ ಮಾಡಿಕೊಂಡು ಕುಳಿತರು. ತಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆಗಳನ್ನು ಬಿಚ್ಚಿ, “ಇದು ತಿನ್ನಬಹುದಾ?” ಎಂದರು. ಹೂಂ ಎಂದೆ. ಇಬ್ಬರೂ ತಿಂದೆವು. ಮಾರನೆಯ ದಿನ ಅವರು ಹೊರಟುಹೋದರು.

ಅದಾಗಿ ಹನ್ನೊಂದು ತಿಂಗಳಾಯಿತು. ನಾನೀಗ ಮೂರು ಹೊತ್ತು ಉಣ್ಣುತ್ತೇನೆ. ತೂಕ ನಿಧಾನಕ್ಕೆ ಇಳಿದು ಒಂದು ಕಡೆ ನಿಂತಿದೆ. ಮಾತ್ರೆ ತಪ್ಪಿಸಿಲ್ಲ. ಸಂಜೆ ದಾಖಲೆ ಕಟ್ಟಡದಿಂದ ಮನೆಗೆ ಸುತ್ತು ದಾರಿಯಲ್ಲಿ ನಡೆದು ಬರುತ್ತೇನೆ. ಆರು ತಿಂಗಳ ಹಿಂದೆ ಒಮ್ಮೆ ಬೆರಳು ಚುರುಕ್ಕೆಂದಿತ್ತು, ಎರಡು ದಿನಕ್ಕೆ ಅಡಗಿತು. ಮೇಡಮ್ಮರಿಂದ ಕಾಗದಗಳು ಬರುತ್ತವೆ. ಹುಡುಗಿಯ ಮಗುವಿಗೆ ಹಲ್ಲು ಬಂದದ್ದು, ಅಲ್ಲಿನ ಮೀನು ರುಚಿಯಿಲ್ಲವೆಂಬುದು. ಕಳೆದ ಸಲದ ಲಕೋಟೆಯಲ್ಲಿ ಒಂದು ನಕ್ಷೆಯಿತ್ತು, ಆ ಊರಿನ ಕೆರೆಯ ಸುತ್ತಿನದು, ಕಪ್ಪು ಶಾಯಿಯಲ್ಲಿ. ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಚೌಕಗಳು. ಕೆಳಗೆ ಅವರ ಅಕ್ಷರ: ‘ಚೌಕವಿದ್ದಲ್ಲಿ ಕೂರಲು ಬೆಂಚಿದೆ. ನಾನೇ ಹೋಗಿ ಎಣಿಸಿದೆ.’

ಆ ನಕ್ಷೆಗೆ ಬಟ್ಟೆ ಅಂಟಿಸಿ, ಮಡಚುವ ಹಾಗೆ ಮಾಡಿ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ದಿನವೂ ಬಿಡಿಸುತ್ತೇನೆ, ಮಡಚುತ್ತೇನೆ. ಇವತ್ತು ಹಾಗೆ ಮಡಚುತ್ತಿದ್ದಾಗ ಅಕ್ಕ ಬಂದು ಎದುರಿಗೆ ಕುಳಿತಳು.

“ಯಾವಾಗ ಹೊರಡ್ತೀಯೋ?”

“ಡಾಕ್ಟರಮ್ಮ ಹೋಗಬಹುದು ಅನ್ನಲಿ.”

“ಅವ್ರು ಅಂದು ಹದಿನೈದು ದಿನ ಆಯ್ತು. ನಾನು ಅಲ್ಲೇ ಇದ್ದೆ.”

ನಿಜ. ಅಂದಿದ್ದರು. ಆ ಹದಿನೈದು ದಿನವೂ ನಾನು ಕಾಲನ್ನು ಒತ್ತಿ ಒತ್ತಿ ನೋಡಿಕೊಂಡಿದ್ದೇನೆ, ಎಲ್ಲಾದರೂ ಒಂದಿಷ್ಟು ನೋವು ಉಳಿದಿರಬಹುದೇ ಎಂದು.

“ಅಲ್ಲಿಗೆ ಹೋದಾಗಲೇ ಮತ್ತೆ ಬಂದ್ರೆ?” ಎಂದೆ.

“ಬಂದ್ರೆ ಬಂತು ಅಂತ ಅವ್ರಿಗೆ ಹೇಳು. ಬಾಯಿಗೇನು ಗೌಟು ಬಂದಿಲ್ವಲ್ಲ.”

ಹೊರಗೆ ಯಾರದೋ ಸೈಕಲ್ಲು ಹಾದುಹೋಯಿತು. ನಾನು ನಕ್ಷೆಯನ್ನು ಇನ್ನೊಮ್ಮೆ ಬಿಡಿಸಲಿಲ್ಲ.

“ಭಾನುವಾರ ಮೊದಲ ಬಸ್ಸು ಎಷ್ಟು ಹೊತ್ತಿಗೋ…” ಎಂದೆ, ಅರ್ಧ ನನಗೇ.

“ಆರೂಕಾಲು,” ಎಂದಳು ಅಕ್ಕ, ತಟ್ಟನೆ.